ಪಡುವಣ ದಡ

ಬೈತಕೋಲ ಬಂದರಿನಲ್ಲಿ, ಐಸ್ ಫ್ಯಾಕ್ಟರಿಯ ಹಿಂದೆ,
ಶಾಣೂ ತಾಂಡೇಲ ಎಂಜಿನ್ ಬಿಚ್ಚಿಕೊಂಡು ಕೂತಿದ್ದ.
ಮೊಣಕೈವರೆಗೆ ಗ್ರೀಸು.
ಎಣ್ಣೆ ಡಬ್ಬಿಗೆ ಒರಗಿಸಿಟ್ಟ ಫೋನಿನಲ್ಲಿ
ಶ್ರೀಹರಿಕೋಟೆಯ ಉಲ್ಟಾ ಎಣಿಕೆ.
"ಇನ್ನು ಹದಿನೆಂಟು ನಿಮಿಷ" ಅಂದ,
ಯಾರೂ ಕೇಳಿರಲಿಲ್ಲ.

ಬಂಗಡೆ ಬುಟ್ಟಿ ಇಳಿಸಿ ಗುಲಾಬಿಬಾಯಿ ಕೇಳಿದಳು:
"ಅಷ್ಟು ಭಾರದ್ದು ಏಳ್ತದೆ ಹೇಗೆ ಮಾರಾಯ?"

ಅವನಿಗೆ ಮಾತು ಬರುವುದಿಲ್ಲ, ಕೈ ಬರುತ್ತದೆ.
ಎದ್ದು ಹೋಗಿ ಪಾತಿಯೊಂದರ ಹಗ್ಗ ಬಿಚ್ಚಿದ,
ಅದರ ಮೇಲೆ ನಿಂತು ದಕ್ಕೆಗೆ ಹಾರಿದ.
ಪಾತಿ ಹಿಂದಕ್ಕೆ ಜಾರಿತು.
"ನಾನು ಪಾತಿ ಒದ್ದೆ, ಮುಂದೆ ಬಂದೆ.
ಅದಕ್ಕೆ ಮೇಲೆ ಪಾತಿ ಎಲ್ಲಿ?
ಹೊಟ್ಟೆಯೊಳಗಿನದನ್ನೇ ಸುಟ್ಟು ಕಾರ್ತದೆ,
ಕಾರಿದ್ದನ್ನೇ ಒದ್ದು ಏಳ್ತದೆ."

"ನಮ್ಮನೆಯವರೂ ಕಾರ್ತಾರೆ," ಅಂದಳು ಬಾಯಿ,
"ಏಳೋದೊಂದು ಇಲ್ಲ."

ಐಸ್ ಒಡೆಯುತ್ತಿದ್ದ ನಾನು ಸುತ್ತಿಗೆ ಕೆಳಗಿಟ್ಟೆ.

ನೂರು ಪಾಲಿನಲ್ಲಿ ತೊಂಬತ್ತು ಬರೀ ಎಣ್ಣೆಯಂತೆ.
ಎಣ್ಣೆ ಹೊರಲಿಕ್ಕೇ ಎಣ್ಣೆ,
ಆ ಎಣ್ಣೆಗೆ ಇನ್ನಷ್ಟು ಎಣ್ಣೆ,
ಕೊನೆಗೆ ಮೀನಿಗೆ ಉಳಿಯುವ ಜಾಗ ಒಂದು ಬುಟ್ಟಿ.
ಬರಿದಾದ ಟ್ಯಾಂಕನ್ನು ಕಡಲಿಗೆ ಕಳಚಿ
ಹಗುರಾಗಿ ಹೋಗುತ್ತದಂತೆ.

"ಯಾರ ಬಲೆ ಮೇಲೆ ಬೀಳ್ತದೆ ಅದು?"
ಶಾಣೂ ಸ್ವಲ್ಪ ಹೊತ್ತು ಸುಮ್ಮನಿದ್ದ.
"ಇವತ್ತು ಆ ಕಡೆಯವರು ಬೋಟು ಬಿಡುವ ಹಾಗಿಲ್ಲ."
"ಹಾಗಾದರೆ ಅವರ ಒಂದು ದಿನದ ಗಂಜಿಯೂ
ಸುಟ್ಟ ಲೆಕ್ಕದಲ್ಲಿ ಬರೆದುಕೋ."

ಮತ್ತೆ ಕೇಳಿದಳು: ನಮಗೂ ಕಡಲಿದೆ, ಇಲ್ಲಿಂದ ಯಾಕಿಲ್ಲ?
ಅವನು ಫ್ಲೈವೀಲಿನ ಮೇಲೆ ಒಂದು ನಟ್ಟು ಇಟ್ಟು
ಗರ್ರನೆ ತಿರುಗಿಸಿದ. ನಟ್ಟು ಚಿಮ್ಮಿ ನೀರಿಗೆ.
"ಭೂಮಿ ಮೂಡಲಿಗೆ ತಿರುಗ್ತದೆ.
ಮೂಡಲಿಗೆ ಬಿಟ್ಟರೆ ಆ ವೇಗ ಪುಕ್ಕಟೆ.
ನಮ್ಮ ಕಡಲಿರೋದು ಪಡುವಣಕ್ಕೆ,
ಸೆಳವಿಗೆ ಎದುರು ಹುಟ್ಟು ಹಾಕಿದ ಹಾಗೆ.
ಇಲ್ಲಿಂದ ಮೂಡಲಿಗೆ ಬಿಟ್ಟೆವೋ,
ಖಾಲಿ ಟ್ಯಾಂಕು ಹುಬ್ಬಳ್ಳಿ ಬಸ್ ಸ್ಟ್ಯಾಂಡಿಗೆ."

ಈ ದಕ್ಕೆಯೂ, ತಕ್ಕಡಿಯೂ, ಬಾಯಿಯೂ
ಸೆಕೆಂಡಿಗೆ ನಾನೂರೈವತ್ತು ಮೀಟರು
ಓಡುತ್ತಿದ್ದೇವೆ, ಕೂತಲ್ಲೇ.
"ಅದಕ್ಕೇ ನನಗೆ ಸೊಂಟ ಹಿಡಿಯೋದು" ಅಂದಳು.

ಐದು. ನಾಲ್ಕು. ಮೂರು ಅನ್ನುವಾಗ ನೆಟ್‌ವರ್ಕ್ ಹೋಯಿತು.
ಪರದೆಯ ನಡುವೆ ಸಣ್ಣದೊಂದು ಚಕ್ರ
ತಿರುಗಿತು, ತಿರುಗಿತು.
ಮೂವರೂ ಉಸಿರು ಹಿಡಿದು ಚಕ್ರವನ್ನೇ ನೋಡಿದೆವು.
ಚಿತ್ರ ಬಂದಾಗ ಬೆಂಕಿಯಿರಲಿಲ್ಲ,
ಮೋಡದಾಚೆ ಒಂದು ಚುಕ್ಕಿ,
ಯಾರದೋ ಚಪ್ಪಾಳೆ.

ಬಾಯಿ ಬುಟ್ಟಿಗೆ ಕೈ ಹಾಕುತ್ತ ತಲೆ ಎತ್ತಿ,
"ಶಾಣೂ, ಪಾತಿ ಎಲ್ಲೋ?"

ಇಳಿತ ಹಿಡಿದಿತ್ತು.
ಅವನು ಒದ್ದ ಪಾತಿ, ಕಟ್ಟುವವರಿಲ್ಲದೆ,
ದೇವಗಡ ದ್ವೀಪದ ಕಡೆ ಮೂತಿ ಮಾಡಿ
ಪಡುವಣಕ್ಕೆ ಹೊರಟೇಬಿಟ್ಟಿತ್ತು.