ಬಂಪರ್ ಬಿಟ್ಟು

ಎಮಿಲ್ ಹಾವ್ಲಿಕ್ ಹೇಳಿದ ಬೆಲೆ ಒಂಬೈನೂರು ಡಾಲರು.
ನಾನು ಆರುನೂರು ಅಂದೆ.
ಅವನು ಗಾಳಿ ಬರುವ ಕಡೆ ನೋಡಿದ.
ನೆಬ್ರಾಸ್ಕಾದ ಚೌಕಾಸಿಯೇ ಹೀಗೆ:
ಮಾತು ಒಂದು ಪಾಲು, ಗಾಳಿ ಮೂರು ಪಾಲು.

ಐವತ್ತೊಂದರ ಇಂಟರ್‌ನ್ಯಾಷನಲ್, ಅರ್ಧ ಟನ್ನಿನ ಪಿಕಪ್.
ಹಸಿರಿತ್ತೋ ಏನೋ, ಅದಕ್ಕೇ ನೆನಪಿದ್ದಂತಿರಲಿಲ್ಲ.
ಬಾಗಿಲ ಕೆಳಗೆ ಹಪ್ಪಳದಂಥ ತುಕ್ಕು;
ಒತ್ತಿದರೆ ಹೆಬ್ಬೆರಳು ಒಳಗೇ ಹೋಯಿತು.
ಸೀಟಿನ ಹೊಟ್ಟೆಯಲ್ಲಿ ಇಲಿಗಳ ತಲೆಮಾರು,
ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಜೋಳ ತೂಗಿಸಿದ ಚೀಟಿ,
ಒಂಟಿ ಗವಸು.
ಸ್ಟೀರಿಂಗ್ ಮಾತ್ರ ಎರಡು ಕಡೆ ಸವೆದು ನುಣುಪು,
ಬಚ್ಚಲ ಕಲ್ಲಿನ ಹಾಗೆ.

ನಾನು ಕೌಂಟಿಯ ಹಿಮ ತಳ್ಳುವ ಗಾಡಿ ಓಡಿಸುವವಳು.
ಕಬ್ಬಿಣ ಸುಳ್ಳು ಹೇಳಿದರೆ ನನಗೆ ಗೊತ್ತಾಗುತ್ತದೆ.
ಇದು ಇದ್ದದ್ದು ಇದ್ದ ಹಾಗೇ ಹೇಳಿತು:
ಸತ್ತಿದ್ದೇನೆ, ಪೂರ್ತಿ ಅಲ್ಲ.

"ನಿನಗೇನು ತಲೆ ಕೆಟ್ಟಿದೆಯಾ ಅರ್ಲೀಟಾ,"
ಫೋನಿನಲ್ಲಿ ತಂಗಿ ವರ್ನಾ,
"ಕೊಳ್ಳೋದು ನೂರರಲ್ಲಿ, ಕೈ ಕಚ್ಚೋದು ಸಾವಿರದಲ್ಲಿ."
ಲೆಕ್ಕ ಸರಿ. ಯಾವಾಗಲೂ ಅವಳ ಲೆಕ್ಕವೇ ಸರಿ.
ನನಗೆ ಬೇಕಿದ್ದದ್ದು, ಸಂಜೆ ಒಂದು ಬಲ್ಬಿನ ಕೆಳಗೆ
ಬಿಚ್ಚಲಿಕ್ಕೆ ಏನಾದರೂ;
ಬಿಚ್ಚಿದ ಮೇಲೆ ಮತ್ತೆ ಕಟ್ಟಬಹುದಾದ
ಏನಾದರೂ.

ಏಳುನೂರಕ್ಕೆ ಇತ್ಯರ್ಥವಾಯಿತು.
ಎದೆಯೆತ್ತರದ ಹುಲ್ಲು ಕೊಯ್ದು ಮುಂದೆ ಹೋದರೆ
ಗ್ರಿಲ್ಲಿಗೂ ಬಂಪರಿಗೂ ನಡುವೆ
ನನ್ನ ಸೊಂಟದಷ್ಟು ದಪ್ಪ ಒಂದು ಹಿಪ್ಪುನೇರಳೆ.
ಯಾವ ಹಕ್ಕಿ ಹಿಕ್ಕೆ ಹಾಕಿ ಹೋಗಿತ್ತೋ.
ಗಾಡಿ ನಿಂತದ್ದು ಎಪ್ಪತ್ತೊಂಬತ್ತರಲ್ಲಿ,
ಮರ ನಿಂತಿರಲಿಲ್ಲ.
ಬಂಪರಿನ ಪಟ್ಟಿಯನ್ನು ತೊಗಟೆ ಎರಡೂ ತುಟಿಯಿಂದ
ಕಚ್ಚಿ ಹಿಡಿದಿತ್ತು.

ನಾನು ಗರಗಸ ಇಳಿಸಿದೆ.
ಎಮಿಲ್ ಟೋಪಿ ತೆಗೆದು, ಮತ್ತೆ ಹಾಕಿಕೊಂಡು ಹೇಳಿದ:
"ನೀನು ಕೊಂಡದ್ದು ಗಾಡಿ. ಮರ ಮಾರಿಲ್ಲ."
ಯಾಕೆ ಅಂದೆ. ಹೆಂಡತಿ ನೆಟ್ಟದ್ದೋ,
ಯಾರಾದರೂ ಅದರ ಕೆಳಗೆ ಮಲಗಿದ್ದಾರೋ
ಅಂತ ಮನಸ್ಸಿನಲ್ಲೇ ಒಂದು ಕಥೆ ಕಟ್ಟಿಯೂ ಆಗಿತ್ತು.
"ಜೂನಿನಲ್ಲಿ ಹಣ್ಣು ಬಿಡುತ್ತೆ," ಅಂದ.
ಅಷ್ಟೇ.

ನಾಲ್ಕು ಬೋಲ್ಟು. ನಾಲ್ಕಕ್ಕೂ ಬೆಂಕಿ ಕೊಟ್ಟೆ,
ಎಣ್ಣೆ ಕುಡಿಸಿದೆ, ಬೈದೆ, ಬೇಡಿಕೊಂಡೆ.
ಕೊನೆಯದು ಬಿಟ್ಟಾಗ ಟ್ರಾಕ್ಟರು ಹಿಂದಕ್ಕೆಳೆಯಿತು;
ಹಲ್ಲು ಕಿತ್ತ ಮಗುವಿನ ಬಾಯಂಥ ಮೂತಿ ಹೊತ್ತು
ಗಾಡಿ ಹೊರಗೆ ಬಂತು.
ಬಂಪರು ಮರದಲ್ಲೇ ಉಳಿಯಿತು.

ಆ ಚಳಿಗಾಲ ಹಿಮ ತಳ್ಳಿ ಬಂದು ರಾತ್ರಿ ಎಂಜಿನ್ನಿನ ಎದುರು ಕೂತೆ.
ಪಿಸ್ಟನ್ನುಗಳು ಹಠ ಹಿಡಿದಿದ್ದವು.
ಆರೂ ಸಿಲಿಂಡರಿಗೆ ಎಣ್ಣೆ ಹೊಯ್ದು
ಹದಿನೈದು ದಿನ ಕಾದು
ದಿನಕ್ಕೊಮ್ಮೆ ಸರಳು ಕೊಟ್ಟು ನೋಡುತ್ತಿದ್ದೆ.
ಹದಿನಾರನೆಯ ರಾತ್ರಿ ಅದು
ಕಾಲಂಗುಲ ಅಲ್ಲಾಡಿತು.
ಯಾರಿಗೆ ಹೇಳಲಿ? ಹನ್ನೊಂದೂವರೆ ಗಂಟೆ.
ವರ್ನಾಗೆ ಫೋನು ಮಾಡಿದೆ.
ಅವಳು ಬೈಯಲಿಲ್ಲ.
"ಕಾಲಂಗುಲ ಅಂದರೆ ಎಷ್ಟು, ತೋರಿಸು," ಅಂದಳು, ಫೋನಿನಲ್ಲಿ.

ಎರಡು ವರ್ಷದ ಮೇಲೆ, ಜೂನಿನಲ್ಲಿ,
ಲೂಪ್ ನದಿಯ ಮಗ್ಗುಲಿನ ಮಣ್ಣುದಾರಿಯಲ್ಲಿ
ಗಂಟೆಗೆ ಮೂವತ್ತು ಮೈಲಿ, ಕಿಟಕಿ ಇಳಿಸಿಕೊಂಡು
ಎಮಿಲ್‌ನ ಅಂಗಳಕ್ಕೆ ಹೋದೆ.
ಮರ ಎರಡಾಳು ಹೆಚ್ಚು ಎತ್ತರವಾಗಿತ್ತು,
ಬಂಪರು ಮಾತ್ರ ಅದೇ ಮಂಡಿಯೆತ್ತರದಲ್ಲಿ.
ಮೇಲೇರಿರುತ್ತದೆ ಅಂದುಕೊಂಡಿದ್ದೆ ನಾನು.
"ಮರ ಬೆಳೆಯೋದು ತುದಿಯಲ್ಲಿ," ಅಂದ ಎಮಿಲ್,
"ನುಂಗಿದ್ದು ನುಂಗಿದಲ್ಲೇ ಇರುತ್ತೆ."

ಗಾಡಿಯ ಸುತ್ತ ಒಂದು ಸುತ್ತು ಬಂದ.
ಎಂಬತ್ತನಾಲ್ಕರ ಮುದುಕ, ಸ್ಟೀರಿಂಗಿನ ಸವೆದ ಜಾಗಕ್ಕೆ
ಕೈ ಹಚ್ಚಿ ತೆಗೆದ. ನಾನು ಬೇರೆ ಕಡೆ ನೋಡಿದೆ.
"ಮುಂದಕ್ಕೆ ಬಂಪರು ಹಾಕಿಸಿಲ್ಲ?"
"ಇದೆಯಲ್ಲ, ಇಲ್ಲಿ."

ಅಷ್ಟರಲ್ಲಿ ಬಾನೆಟ್ಟಿನ ಮೇಲೆ,
ಮೂರು ಪದರ ಹೊಸ ಹಸಿರಿನ ಮೇಲೆ,
ಟಪ್ಪನೆ ಒಂದು ಹಣ್ಣು.
ಒರೆಸಲು ಬಟ್ಟೆ ಹುಡುಕಿದೆ.
ಎಮಿಲ್ ಕೈಗೆ ಬಕೆಟ್ಟು ಕೊಟ್ಟ.