ನಡುವಿನ ದನಿ

ಗುದೈಬಿಯಾದ ಹಳೇ ಕಟ್ಟಡ, ಮೂರನೇ ಮಹಡಿ.
ಅವರ ಗೋಡೆಯೇ ನಮ್ಮ ಗೋಡೆ.
ಆ ಕಡೆ ಅಣ್ಣತಮ್ಮಂದಿರು:
ರೆನ್ಸನ್, ಓಸ್ವಿನ್, ಗ್ಲೆನಿಶ್.
ಈ ಕಡೆ ಆರು ಮಂದಿ, ಒಂದರ ಮೇಲೊಂದು ಮಂಚ.
ನನ್ನದು ಮೇಲಿನದು, ಗೋಡೆಗಂಟಿದ್ದು.

ರಾತ್ರಿಪಾಳಿಯ ಲಾಂಡ್ರಿಯವನಿಗೆ
ಅವರು ಹಾಡುವ ಹೊತ್ತೇ ನಡುರಾತ್ರಿ.
ಒಂದು ದಿನ ಗೋಡೆ ಗುದ್ದಿದೆ. ನಿಲ್ಲಿಸಿದರು.
ನಿಲ್ಲಿಸಿದ ಮೇಲೆ ನಿದ್ದೆ ಬರಲಿಲ್ಲ.
ಮರುದಿನ ಗುದ್ದಲಿಲ್ಲ.

ಎರಡು ವರ್ಷ ಕೇಳಿದೆ. ಆ ಹಾಡಿಗೆ ಮಾತಿಲ್ಲ.
ಬರೀ ಊ, ಒಂದು ಆ, ಮತ್ತೆ ಊ.
ಮೆಟ್ಟಿಲ ಮೇಲೆ ಕೂತವನೊಬ್ಬ ಎದ್ದು
ಒಂದೇ ಒಂದು ಮೆಟ್ಟಿಲಿಳಿದು
ಅಲ್ಲೇ ಮತ್ತೆ ಕೂತ ಹಾಗೆ.
ಇದೇ ಹಾಡು ಅಂದುಕೊಂಡೆ.
ಇಷ್ಟು ಕಡಿಮೆಯಲ್ಲಿ ಹಾಡು ಮಾಡುವ ಹುಡುಗರು
ಜಾಣರೇ ಇರಬೇಕು ಅಂದುಕೊಂಡೆ.

ಆಗಸ್ಟಿನಲ್ಲಿ ರೆಕಾರ್ಡಿಂಗಿಗೆ ಕೂತರು.
ಬೀರುವಿನೊಳಗೆ ಮೈಕು, ಗೋಡೆಗೆ ಒರಗಿಸಿದ ಹಾಸಿಗೆ,
ತಾಯಿ ಹಿಲ್ಡಾಬಾಯಿ ಕುಕ್ಕರಿನ ಸೀಟಿ ಕಿತ್ತು
ಸೆರಗಲ್ಲಿ ಕಟ್ಟಿಕೊಂಡಿದ್ದರಂತೆ.
ಏಸಿ ಗುಂಯ್ ಅನ್ನುತ್ತದೆಂದು ಆರಿಸಿದರು.
ಹೊರಗೆ ನಲವತ್ತೈದು ಡಿಗ್ರಿ, ಕಿಟಕಿಗೆ ಕಡಲಿನ ಬೆವರು.
ಏಸಿ ಆರಿದ್ದೇ ತಡ
ಮೂವರೂ ಶ್ರುತಿ ತಪ್ಪಿದರು.
ತೊಟ್ಟಿಲಿನಿಂದ ಆ ತಗಡಿನ ಪೆಟ್ಟಿಗೆಯೇ ಅವರ ತಂಬೂರಿ,
ಯಾರಿಗೂ ಗೊತ್ತಿರಲಿಲ್ಲ, ಅವರಿಗೂ.
ಮತ್ತೆ ಹಾಕಿದರು. ಗುಂಯ್.
ಆಲ್ಬಮ್ಮಿನ ತಳದಲ್ಲಿ ಅದು ಇನ್ನೂ ಇದೆ, ಕಿವಿಗೊಟ್ಟರೆ.

ಇದೆಲ್ಲ ಆಮೇಲೆ ಓಸ್ವಿನ್ ಹೇಳಿದ್ದು.
ಆ ತಿಂಗಳು ಹಾಸಿಗೆ ಅಡ್ಡ ಬಂದು
ನನ್ನ ಗೋಡೆಯ ಕಿವಿ ಕಿವುಡಾಗಿತ್ತು.

ಮುಖಪುಟದ ಫೋಟೋಕ್ಕೆಂದು ಮೂರು ಅಂಗಿ ಇಸ್ತ್ರಿಗೆ ಬಂದವು,
ಮೂರೂ ಅರೆಹಣ್ಣು ಖರ್ಜೂರದ ಹಳದಿ.
ದುಡ್ಡು ಬೇಡವೆಂದೆ.
ಆರುನೂರು ಫಿಲ್ಸ್ ಮೇಜಿನ ಮೇಲಿಟ್ಟು
ಆಲ್ಬಮ್ಮನ್ನು ನನ್ನ ಫೋನಿಗೆ ಕಳಿಸಿ ಹೋದ.

ರಾತ್ರಿ ಎರಡು. ಬಿಳಿ ಥೋಬುಗಳ ರಾಶಿ.
ಕಿವಿಗೆ ಸಿಕ್ಕಿಸಿಕೊಂಡೆ, ಹನ್ನೊಂದು ಹಾಡು.
ಮೇಲೆ ರೆನ್ಸನ್, ಮಾತೆಲ್ಲ ಅವನದೇ,
ಇಂಗ್ಲಿಷು, ನಡುವೆ ಕೊಂಕಣಿಯ ಒಂದು ಬೈಗುಳ.
ಕೆಳಗೆ ಗ್ಲೆನಿಶ್, ಬಾವಿಗೆ ಕೊಡ ಬಿಟ್ಟ ಹಾಗೆ.
ಗಿಟಾರು, ಚಪ್ಪಾಳೆ, ಯಾರೋ ನಕ್ಕದ್ದು.
ಚೆಂದ.
ನನ್ನ ಹಾಡು ಮಾತ್ರ ಇರಲಿಲ್ಲ.
ಹನ್ನೊಂದೂ ಎರಡೆರಡು ಸಲ ಹುಡುಕಿದೆ,
ಒಂದು ಕಾಲರು ಸುಟ್ಟೆ.

ಮೆಟ್ಟಿಲಲ್ಲಿ ಸಿಕ್ಕಾಗ ಕೇಳಿದೆ:
ಆ ಹಾಡನ್ನು ಯಾಕೆ ಬಿಟ್ಟಿರಿ?
ಯಾವುದು? ಗುನುಗಿ ತೋರಿಸಿದೆ, ನಾಚಿಕೆಯಾದರೂ.
ಊ, ಆ, ಊ.
ಓಸ್ವಿನ್ ಮೊದಲು ನಕ್ಕ. ಆಮೇಲೆ ನಗಲಿಲ್ಲ.
‘ಅಣ್ಣಾ, ಅದು ನಾನು.
ಎಲ್ಲಾ ಹಾಡಲ್ಲೂ ಇದೀನಿ.
ನನ್ನ ಮಂಚ ನಿಮ್ಮ ಗೋಡೆ ಕಡೆ, ಅಷ್ಟೆ.’
ಒಂದು ಮೆಟ್ಟಿಲಿಳಿದು ನಿಂತ.
‘ಅಮ್ಮನಿಗೂ ಕೇಳಲ್ಲ, ಬೇರೆಯಾಗಿ.’

ಕಾಲರಿನ ಮಡಿಕೆಯೊಳಗೆ ಒಂದು ಗಟ್ಟಿ ಬಟ್ಟೆ ಇರುತ್ತದೆ.
ಹೊಲಿದಾದ ಮೇಲೆ ಯಾರೂ ಕಾಣರು,
ಇಸ್ತ್ರಿಯವನ ಹೆಬ್ಬೆರಳಿಗೆ ಗೊತ್ತು.
ಹೇಳೋಣವೆಂದುಕೊಂಡೆ.
ಅವನಿಗೆ ಬಸ್ಸಿಗೆ ಹೊತ್ತಾಗಿತ್ತು.

ಈಗ ಅವರು ಮುಹರ್ರಕ್ಕಿಗೆ ಮನೆ ಬದಲಿಸಿದ್ದಾರೆ.
ಗೋಡೆಯಾಚೆ ಯಾರೋ ಹೊಸಬರು, ಇಡೀ ದಿನ ಟೀವಿ.
ನಾನು ಹಬೆ ಬಿಡುತ್ತ ಗುನುಗುತ್ತೇನೆ,
ಹಬೆಯೂ ಆ ಅಳತೆಗೇ ಉಸಿರು ಬಿಡುತ್ತದೆ.
ಶಫಿಕುಲ್ ಥೋಬು ಮಡಿಸುತ್ತ ಕೇಳುತ್ತಾನೆ:
ಇದೆಂಥ ಹಾಡಯ್ಯಾ, ರಾಗವೇ ಇಲ್ಲ?

ಇದೆ, ಅಂದೆ.
ಉಳಿದದ್ದು ಇನ್ನಿಬ್ಬರ ಹತ್ತಿರ ಇದೆ.