ಅರೆವೀಸ

ಬೈತಕೋಲಿನ ಐಸ್ ಫ್ಯಾಕ್ಟರಿಯ ಹಿಂದೆ, ಮಹಡಿಯ ಮೇಲೆ,
ಫುರ್ಟಾಡೊ ಸರ್ ಬೋರ್ಡಿನಲ್ಲಿ ಒಂದು ಬಾಟಲಿ ಬರೆದರು.
ಆಮೇಲೆ ಅದನ್ನು ಒರೆಸಿ ನಿಜದ ಸೋಡಾ ತರಿಸಿದರು.
ಗೋಲಿ ಒತ್ತಿದರು: ಫಸ್ಸ್.
"ಇದು ನೀನು," ಅಂದರು, "ಅವಸರದಲ್ಲಿ ಮೇಲೆ ಬಂದರೆ."
ಉಳಿದ ಸೋಡಾ ತಾವೇ ಕುಡಿದರು.

ಹತ್ತು ಮೀಟರಿಗೆ ಇನ್ನೊಂದು ಆಕಾಶದ ಭಾರ.
ಇಪ್ಪತ್ತಕ್ಕೆ ಮೂರು ಆಕಾಶ.
ನೈಟ್ರೋಜನ್, ದಡದಲ್ಲಿ ಉಪಕಾರಕ್ಕೂ ಉಪದ್ರಕ್ಕೂ ಇಲ್ಲದ್ದು,
ಕೆಳಗೆ ಸದ್ದಿಲ್ಲದೆ ಒಳಬಂದು ಕೂರುತ್ತದೆ
ನೆತ್ತರಲ್ಲಿ ಬೇಗ, ಕೊಬ್ಬಿನಲ್ಲಿ ನಿಧಾನ,
ಮೂಳೆಯ ಸಂದಿನಲ್ಲಿ
ಹೊಸ ಮದುಮಗನ ಹಾಗೆ ಇನ್ನೂ ನಿಧಾನ.
ಹೊರಡುವಾಗಲೂ ಅಷ್ಟೇ.
ಐದು ನಿಮಿಷಕ್ಕೆ ಅರ್ಧ ಹೋಗುತ್ತದೆ,
ಮತ್ತೈದಕ್ಕೆ ಉಳಿದದ್ದರಲ್ಲಿ ಅರ್ಧ.

ಇದು ನನಗೆ ಗೊತ್ತಿತ್ತು.
ಮೀನಿನ ಪಾಲು ಹಾಕುತ್ತ ಅಜ್ಜಿ ಹೇಳಿಕೊಟ್ಟದ್ದು:
ಅರ್ಧ, ಕಾಲು, ಅರೆಕಾಲು, ವೀಸ, ಅರೆವೀಸ.
ಮುಂದೆ? ಅಂದರೆ
ಮುಂದಿನದು ಬೆಕ್ಕಿಗೆ, ಅನ್ನುತ್ತಿದ್ದಳು.
ಟೇಬಲಿನಲ್ಲಿ ಬೆಕ್ಕಿಲ್ಲ.
"ಆರು ಅರ್ಧಗಳಾದ ಮೇಲೆ ಮುಗಿಯಿತು ಅಂತ ಬರೆದುಕೋ.
ಮುಗಿದಿರುವುದಿಲ್ಲ," ಅಂದರು ಸರ್.

ಪುಟ ನಲವತ್ತೊಂದರಲ್ಲಿ ಒಬ್ಬ ಮನುಷ್ಯ.
ಭುಜಕ್ಕೆ, ಮೊಣಕೈಗೆ, ಮಂಡಿಗೆ ಕೆಂಪು ಚುಕ್ಕೆ.
ಮುಖ ಬರೆದಿಲ್ಲ.
ಬರೆದಿದ್ದರೆ ಉಮಾಕಾಂತ ಮಾವ.

ಕೂರ್ಮಗಡದ ಆಚೆ ಕಲ್ಲಿಗೆ ಬಲೆ ಸಿಕ್ಕಿದರೆ
ಪರ್ಸೀನ್ ಬೋಟಿನವರು ಕರೆಯುತ್ತಿದ್ದದ್ದು ಅವನನ್ನೇ.
ಪಂಕ್ಚರ್ ಅಂಗಡಿಯ ಕಂಪ್ರೆಸರ್,
ಹಲ್ಲಲ್ಲಿ ಕಚ್ಚಿದ ಹಳದಿ ಪೈಪು,
ಒಂದೇ ದಿನ ನಾಲ್ಕು ಸಲ,
ಬೀಡಿ ನೆನಪಾದಾಗೆಲ್ಲ ಸರ್ರನೆ ಮೇಲೆ.
ರಾತ್ರಿ ಅನ್ನದ ತಟ್ಟೆಗೆ ಬಲಗೈ ಏಳಲಿಲ್ಲ.
ಬೆಳ್ಳುಳ್ಳಿ ಎಣ್ಣೆ ಕಾಸಿ ತಿಕ್ಕುತ್ತ ಅಜ್ಜಿ ಅಂದಳು:
"ವಾಯು. ಸಂದಿಗೆ ವಾಯು ಸೇರಿದೆ."
ನಾನಾಗ ಎಂಟನೇ ಕ್ಲಾಸು,
ವಿಜ್ಞಾನದಲ್ಲಿ ತೊಂಬತ್ತು. ನಕ್ಕಿದ್ದೆ.

ವಾಯುವೇ, ಅಜ್ಜಿ.
ಎಣ್ಣೆಯೊಂದು ತಪ್ಪು.

ನಿನ್ನೆ ಲೈಟ್‌ಹೌಸ್ ನಡುಗಡ್ಡೆಯ ಪಕ್ಕ
ಐದು ಮೀಟರಿನಲ್ಲಿ ಹಗ್ಗ ಹಿಡಿದು ನಿಂತೆ.
ಮೂರು ನಿಮಿಷ, ಏನೂ ಮಾಡದಿರುವ ಕೆಲಸ.
ಕಾಳಿ ಹೊತ್ತು ತಂದ ಮಣ್ಣು ಕೂತು
ನೀರು ಗಂಜಿತಿಳಿಯಷ್ಟು ತಿಳಿ.
ಮೇಲೆ ನಮ್ಮ ಬೋಟಿನ ಕಪ್ಪು ಹೊಟ್ಟೆ.
ಚುಕ್ಕಾಣಿ ಈಗ ಮಾವನದು, ಎಡಗೈಯದು.
ಊಟದ ಡಬ್ಬಿ ತೊಳೆಯಲು ಆ ಕೈ ನೀರಿಗಿಳಿಯಿತು,
ಮೊಣಕೈವರೆಗೆ, ಯಾರದೋ ಕೈಯ ಹಾಗೆ.
ನಾಲ್ಕು ಅಗುಳು ಬಿಡಿಸಿಕೊಂಡು
ನನ್ನ ಕಡೆ ಬಂದವು. ಅವಸರವಿಲ್ಲದೆ.
ಒಂದನ್ನು ಪುಟ್ಟ ಮೀನು ಹಾರಿಸಿತು.

ಹೊರಡಬಹುದು, ಅಂದಿತು ಮಣಿಕಟ್ಟಿನ ಕಂಪ್ಯೂಟರು.
ಇನ್ನೊಂದು ನಿಮಿಷ ನಿಂತೆ,
ಅರೆವೀಸದ ಲೆಕ್ಕಕ್ಕೆ.
ಅಷ್ಟರಲ್ಲಿ ಹಗ್ಗ ಎರಡು ಸಲ ಜಗ್ಗಿತು:
ಬೀಡಿ ಮುಗಿಯಿತು, ಬಾ.